17ನೇ ಸ್ಥಾನಕ್ಕೆ ಇಷ್ಟೊಂದು ಹೋರಾಟ ಯಾಕೆ?

ಪ್ರಶ್ನೆ: ನಾನು ಐಪಿಎಲ್ ನೋಡಿ ಅಭ್ಯಾಸವಾದವನು. ಅಲ್ಲಿ ಕೊನೇ ಸ್ಥಾನ ಬಂದ ತಂಡ ಮುಂದಿನ ವರ್ಷ ಮತ್ತೆ ಹಾಜರ್. ಈಗ ಮಗಳ ಜೊತೆ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ನೋಡಲು ಶುರು ಮಾಡಿದ್ದೇನೆ. ಚಾಂಪಿಯನ್ ಯಾರು ಅಂತ ಗೊತ್ತಾದ ಮೇಲೂ ಅವಳು ಕೆಳಗಿನ ತಂಡಗಳ ಮ್ಯಾಚ್ ಹಾಕು ಅಂತಾಳೆ. ಅಲ್ಲಿ ದೊಡ್ಡ ದೊಡ್ಡ ಗಂಡಸರು ಸ್ಟ್ಯಾಂಡಿನಲ್ಲಿ ಕೂತು ಅಳುತ್ತಿರುತ್ತಾರೆ! ಈ ಪ್ರಮೋಷನ್, ರೆಲಿಗೇಷನ್ ಹೇಗೆ ನಡೆಯುತ್ತದೆ? ಒಂದು ಸೀಸನ್ ಇಟ್ಟುಕೊಂಡು ಬಿಡಿಸಿ ಹೇಳುತ್ತೀರಾ? 40 ಪಾಯಿಂಟ್ ಆದರೆ ಬಚಾವ್ ಅನ್ನುತ್ತಾರಲ್ಲ, ಅದು ನಿಜವಾ? ನಮ್ಮ ಐಎಸ್‌ಎಲ್‌ನಲ್ಲಿ ಇದು ಯಾಕಿಲ್ಲ?

ಉತ್ತರ: ನಿಮ್ಮ ಮಗಳಿಗೆ ಆಟ ಎಲ್ಲಿದೆ ಅಂತ ಗೊತ್ತಾಗಿದೆ. ಏಪ್ರಿಲ್ ಬಂತು ಅಂದರೆ ನಾನೂ ಟೇಬಲ್ಲನ್ನು ಕೆಳಗಿನಿಂದ ಮೇಲಕ್ಕೇ ಓದುವುದು.

ನಿಯಮ ಸುಲಭ, ಬೇಗ ಮುಗಿಸಿಬಿಡೋಣ. ಇಂಗ್ಲೆಂಡಿನ ಎಲ್ಲಕ್ಕಿಂತ ಮೇಲಿನ ಡಿವಿಷನ್ ಪ್ರೀಮಿಯರ್ ಲೀಗ್. ಅದರಲ್ಲಿ 20 ತಂಡ. ಪ್ರತಿ ತಂಡ ಉಳಿದ 19 ತಂಡಗಳ ಜೊತೆ ತನ್ನ ಊರಲ್ಲೊಂದು, ಅವರ ಊರಲ್ಲೊಂದು ಮ್ಯಾಚ್ ಆಡುತ್ತದೆ. ಒಟ್ಟು 38. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಪಾಯಿಂಟ್ ಸಮವಾದರೆ ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ಹೊಡೆಸಿಕೊಂಡಿದ್ದನ್ನು ಕಳೆದರೆ ಬರುವ ಲೆಕ್ಕ ನೋಡುತ್ತಾರೆ. ಆಗಸ್ಟಿನಲ್ಲಿ ಶುರು, ಮೇನಲ್ಲಿ ಮುಕ್ತಾಯ. ಸೆಮಿಫೈನಲ್, ಫೈನಲ್ ಏನೂ ಇಲ್ಲ. ಕೊನೆಗೆ ಮೇಲಿರುವವನು ಚಾಂಪಿಯನ್. 18, 19, 20ನೇ ಸ್ಥಾನದವರು ಕೆಳಗಿನ ಡಿವಿಷನ್ನಿಗೆ ಹೋಗುತ್ತಾರೆ, ಇದೇ ರೆಲಿಗೇಷನ್. ಆ ಡಿವಿಷನ್ನಿನ ಹೆಸರು ಚಾಂಪಿಯನ್‌ಶಿಪ್. ಅಲ್ಲಿ 24 ತಂಡ, 46 ಮ್ಯಾಚ್. ಅಲ್ಲಿ ಮೊದಲ ಎರಡು ಸ್ಥಾನ ಬಂದವರು ಸೀದಾ ಮೇಲೆ ಬರುತ್ತಾರೆ, ಇದು ಪ್ರಮೋಷನ್. 3ರಿಂದ 6ನೇ ಸ್ಥಾನದವರು ಪ್ಲೇಆಫ್ ಆಡಿ, ಗೆದ್ದ ಒಬ್ಬರು ಮೂರನೆಯವರಾಗಿ ಬರುತ್ತಾರೆ. ಅದರ ಕೆಳಗೆ ಇನ್ನೊಂದು ಡಿವಿಷನ್, ಅದರ ಕೆಳಗೆ ಮತ್ತೊಂದು. ಹೀಗೇ ಇಳಿಯುತ್ತಾ ಹೋದರೆ ಹಳ್ಳಿ ಮೈದಾನದ ಲೀಗ್‌ವರೆಗೂ ಮೆಟ್ಟಿಲಿದೆ. ಬೆಂಗಳೂರಲ್ಲಿ ಕೆಎಸ್‌ಸಿಎ ಲೀಗ್ ಕ್ರಿಕೆಟ್ ಆಡಿದವರಿಗೆ ಇದೇನೂ ಹೊಸದಲ್ಲ. ಫಸ್ಟ್ ಡಿವಿಷನ್, ಸೆಕೆಂಡ್ ಡಿವಿಷನ್ ಅಂತ ನಮ್ಮ ಕ್ಲಬ್ಬುಗಳೂ ಹತ್ತಿ ಇಳಿಯುತ್ತಲೇ ಇರುತ್ತವೆ.

ಈಗ ಸೀಸನ್. ನಾನು ಆರಿಸಿಕೊಳ್ಳುವುದು 2004–05. ಲೆಸ್ಟರ್ ಗೆದ್ದ 2015–16 ಅಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಮೇಲಿನ ತುದಿಯ ಕತೆ. ನೀವು ಕೇಳಿದ್ದು ಕೆಳಗಿನದು. ಆ ವಿಷಯದಲ್ಲಿ 2004–05ಕ್ಕೆ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೇಲಿನ ಸುದ್ದಿ ಒಂದೇ ಪ್ಯಾರಾದಲ್ಲಿ ಮುಗಿಯುತ್ತದೆ. ಹೊಸ ಮ್ಯಾನೇಜರ್ ಜೋಸೆ ಮೊರಿನ್ಯೊ ಬಂದ ಮೊದಲ ವರ್ಷವೇ ಚೆಲ್ಸಿ 95 ಪಾಯಿಂಟ್ ತೆಗೆದುಕೊಂಡಿತು. 38 ಮ್ಯಾಚಿನಲ್ಲಿ ಸೋತಿದ್ದು ಒಂದು. ಬಿಟ್ಟುಕೊಟ್ಟ ಗೋಲು ಬರೀ 15. ಏಪ್ರಿಲ್ 30ರಂದು ಬೋಲ್ಟನ್‌ನಲ್ಲಿ ಫ್ರ್ಯಾಂಕ್ ಲ್ಯಾಂಪಾರ್ಡ್ ಎರಡು ಗೋಲು ಹೊಡೆದ, ಪ್ರಶಸ್ತಿ ಖಚಿತವಾಯಿತು. ಸೀಸನ್ ಮುಗಿಯಲು ಇನ್ನೂ ಎರಡು ವಾರ ಇತ್ತು. ಐಪಿಎಲ್ ತರಹದ ಲೀಗ್ ಆಗಿದ್ದರೆ ಅಲ್ಲಿಂದ ಮುಂದೆ ಟಿವಿ ಆಫ್ ಮಾಡಬಹುದಿತ್ತು.

ಆದರೆ ಅದೇ ಏಪ್ರಿಲ್ 30ರಂದು ಸೌತಾಂಪ್ಟನ್ ಊರಲ್ಲಿ ಇನ್ನೊಂದು ಮ್ಯಾಚ್ ನಡೆಯುತ್ತಿತ್ತು. ಸೌತಾಂಪ್ಟನ್ ಮತ್ತು ನಾರಿಚ್. ಎರಡೂ ಮುಳುಗುತ್ತಿದ್ದ ತಂಡಗಳೇ. 3–3 ಆಗಿತ್ತು. ಕೊನೇ ನಿಮಿಷಗಳಲ್ಲಿ ಸೌತಾಂಪ್ಟನ್ನಿನ ಹೆನ್ರಿ ಕಮಾರಾ ನಾಲ್ಕನೆಯದನ್ನು ಹೊಡೆದ. 4–3. ಈ ಗೋಲನ್ನು ನೆನಪಿಟ್ಟುಕೊಳ್ಳಿ.

ಕೆಳಗೆ ಒದ್ದಾಡುತ್ತಿದ್ದವರು ನಾಲ್ಕು ತಂಡ: ವೆಸ್ಟ್ ಬ್ರಾಮ್, ಕ್ರಿಸ್ಟಲ್ ಪ್ಯಾಲೆಸ್, ನಾರಿಚ್, ಸೌತಾಂಪ್ಟನ್. ಇದರಲ್ಲಿ ಮೊದಲ ಮೂರೂ ಅದೇ ವರ್ಷ ಕೆಳಗಿನಿಂದ ಹತ್ತಿ ಬಂದವು. ನಾರಿಚ್ ಕೆಳಗಿನ ಡಿವಿಷನ್ ಗೆದ್ದು ಬಂದಿತ್ತು, ವೆಸ್ಟ್ ಬ್ರಾಮ್ ಎರಡನೇ ಸ್ಥಾನದಿಂದ. ಪ್ಯಾಲೆಸ್ ಪ್ಲೇಆಫ್ ಫೈನಲ್‌ನಲ್ಲಿ ವೆಸ್ಟ್ ಹ್ಯಾಮ್ ತಂಡವನ್ನು 1–0ಯಿಂದ ಸೋಲಿಸಿ ಬಂದಿತ್ತು. ಸೌತಾಂಪ್ಟನ್ ಮಾತ್ರ ಹಳೇ ಕುಳ. 1978ರಿಂದ, ಅಂದರೆ 27 ವರ್ಷ, ಮೇಲಿನ ಡಿವಿಷನ್ ಬಿಟ್ಟು ಕದಲಿರಲಿಲ್ಲ.

ವೆಸ್ಟ್ ಬ್ರಾಮ್ ಕತೆ ಕ್ರಿಸ್‌ಮಸ್ ಹೊತ್ತಿಗೇ ಮುಗಿದಿತ್ತು ಅಂತ ಎಲ್ಲರೂ ಬರೆದಿದ್ದರು. ಅಲ್ಲಿಯವರೆಗೆ ಗೆದ್ದಿದ್ದು ಒಂದೇ ಒಂದು ಮ್ಯಾಚ್. ಮ್ಯಾನೇಜರ್ ಗ್ಯಾರಿ ಮೆಗ್ಸನ್ ಅಕ್ಟೋಬರಿನಲ್ಲೇ ಹೋಗಿ, ನವೆಂಬರಿನಲ್ಲಿ ಬ್ರಯಾನ್ ರಾಬ್ಸನ್ ಬಂದಿದ್ದರು. ಅವರು ಬಂದ ಮೇಲೂ ಏನೂ ಸರಿಹೋಗಲಿಲ್ಲ. ಡಿಸೆಂಬರ್ 26ರಂದು ತಮ್ಮದೇ ಮೈದಾನದಲ್ಲಿ ಲಿವರ್‌ಪೂಲ್ ಕೈಲಿ 5–0 ಹೊಡೆಸಿಕೊಂಡರು. ಪ್ರೀಮಿಯರ್ ಲೀಗ್ ಅಂತ ಶುರುವಾದ 1992ರಿಂದ ಅಲ್ಲಿಯವರೆಗೆ ಕ್ರಿಸ್‌ಮಸ್ ದಿನ ಕಟ್ಟಕಡೆಯಲ್ಲಿದ್ದ ಯಾವ ತಂಡವೂ ಉಳಿದುಕೊಂಡಿರಲಿಲ್ಲ. ವೆಸ್ಟ್ ಬ್ರಾಮ್ ಅವತ್ತು ಇದ್ದದ್ದೂ ಅಲ್ಲೇ. ಅಲ್ಲಿನ ಜನಕ್ಕೆ ಇದು ಒಂಥರಾ ಶಾಪ.

ಜನವರಿಯಲ್ಲಿ ಆಟಗಾರರನ್ನು ಕೊಳ್ಳಲು, ಎರವಲು ತರಲು ಒಂದು ತಿಂಗಳು ಅವಕಾಶ ಇರುತ್ತದೆ. ವೆಸ್ಟ್ ಬ್ರಾಮ್ ಎವರ್ಟನ್‌ನಿಂದ ಹಳೇ ಹುಲಿ ಕೆವಿನ್ ಕ್ಯಾಂಪ್‌ಬೆಲ್‌ನನ್ನು ಕರೆತಂದು ಕ್ಯಾಪ್ಟನ್ ಮಾಡಿತು. ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಕೀರನ್ ರಿಚರ್ಡ್‌ಸನ್ ಅನ್ನೋ ಹುಡುಗನನ್ನು ಎರವಲು ತಂದಿತು. ಜನವರಿ ಕೊನೆಗೆ ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿತು. ಮಾರ್ಚಿನಲ್ಲಿ ಬರ್ಮಿಂಗ್‌ಹ್ಯಾಮ್. ಆಮೇಲೆ ಚಾರ್ಲ್‌ಟನ್ ಊರಿಗೇ ಹೋಗಿ 4–1. ಅವತ್ತು ಬದಲಿ ಆಟಗಾರನಾಗಿ ಬಂದ ರಾಬರ್ಟ್ ಅರ್ನ್‌ಶಾ ಹ್ಯಾಟ್ರಿಕ್ ಹೊಡೆದ. ಏಪ್ರಿಲ್‌ನಲ್ಲಿ ಎವರ್ಟನ್.

ಗೆಲುವು ಎಲ್ಲರಿಗೂ ಕಾಣುತ್ತದೆ. ನಾನು ನಿಮಗೆ ತೋರಿಸಬೇಕು ಅಂತಿರುವುದು ಡ್ರಾಗಳನ್ನು. ಕೆಳಗಿನ ಹೋರಾಟದಲ್ಲಿ ತಂಡ ಉಳಿಯುವುದು, ಮುಳುಗುವುದು ಡ್ರಾಗಳಲ್ಲಿ. ಮೇಲಿನ ತಂಡಕ್ಕೆ ಡ್ರಾ ಅಂದರೆ 2 ಪಾಯಿಂಟ್ ಕಳೆದುಕೊಂಡ ಹಾಗೆ. ಕೆಳಗಿನ ತಂಡಕ್ಕೆ 1 ಪಾಯಿಂಟ್ ಸಿಕ್ಕಿದ ಹಾಗೆ. ಅದಕ್ಕೇ ಒಂದೇ ಮ್ಯಾಚ್ ಮುಗಿದಾಗ ಒಂದು ಕಡೆಯವರು ತಲೆ ತಗ್ಗಿಸಿ ಹೋಗುತ್ತಾರೆ, ಇನ್ನೊಂದು ಕಡೆಯವರು ಗೆದ್ದವರ ಹಾಗೆ ತಬ್ಬಿಕೊಳ್ಳುತ್ತಾರೆ.

ಏಪ್ರಿಲ್ 10ನ್ನೇ ನೋಡಿ. ವೆಸ್ಟ್ ಬ್ರಾಮ್ ಪಕ್ಕದೂರಿನ ಆಸ್ಟನ್ ವಿಲ್ಲಾ ಮೈದಾನದಲ್ಲಿ 1–0 ಹಿಂದಿತ್ತು. 90 ನಿಮಿಷ ಮುಗಿದು ಹೆಚ್ಚುವರಿ ನಿಮಿಷ ನಡೀತಿತ್ತು. ಆಗ ಡಿಫೆಂಡರ್ ಪಾಲ್ ರಾಬಿನ್ಸನ್ ತಲೆಯಿಂದ ಗುದ್ದಿ ಗೋಲು ಮಾಡಿದ. 1–1. ಅವತ್ತು ಅದು ಬರೀ ಒಂದು ಪಾಯಿಂಟ್. ಮೇ 7ರಂದು ಇನ್ನೂ ದೊಡ್ಡದು. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ ರಾಯನ್ ಗಿಗ್ಸ್ ಫ್ರೀ ಕಿಕ್‌ನಿಂದ ಗೋಲು ಹೊಡೆದಿದ್ದ. ವೆಸ್ಟ್ ಬ್ರಾಮ್ ಗೋಲ್‌ಕೀಪರ್ ಗಾಯಗೊಂಡು ಹೊರಗೆ ಹೋದ. ಬದಲಿಗೆ ಬಂದ ಪೋಲೆಂಡಿನ ಹುಡುಗ ತೊಮಾಷ್ ಕುಶ್ಚಾಕ್ ಬಂದ ಚೆಂಡನ್ನೆಲ್ಲ ತಡೆದ. ಅರ್ನ್‌ಶಾ ಪೆನಾಲ್ಟಿ ಹೊಡೆದು ಸಮ ಮಾಡಿದ. ಅಲ್ಲೂ 1–1.

ಅದೇ ಮೇ 7ರಂದು ಲಂಡನ್ನಿನ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಮತ್ತು ಸೌತಾಂಪ್ಟನ್ ಆಡುತ್ತಿದ್ದವು. ಇಂಥ ಮ್ಯಾಚನ್ನು ಅಲ್ಲಿ ಆರು ಪಾಯಿಂಟಿನ ಮ್ಯಾಚ್ ಅನ್ನುತ್ತಾರೆ. ನಮಗೆ ಮೂರು ಬಂದಾಗ ಎದುರಾಳಿಗೆ ಮೂರು ತಪ್ಪುತ್ತದೆ, ಅದಕ್ಕೆ ಆ ಹೆಸರು. ಆಟ ಒರಟಾಗಿತ್ತು. ಸೌತಾಂಪ್ಟನ್ನಿನ ಪೀಟರ್ ಕ್ರೌಚ್, ಪ್ಯಾಲೆಸ್‌ನ ಗೊಂಜಾಲೊ ಸೊರೊಂಡೊ ಇಬ್ಬರೂ ರೆಡ್ ಕಾರ್ಡ್ ತಿಂದು ಹೊರಗೆ ಹೋದರು. ಪ್ಯಾಲೆಸ್ 2–1 ಮುಂದಿತ್ತು. ಹೆಚ್ಚುವರಿ ನಿಮಿಷವೂ ಓಡುತ್ತಿತ್ತು. ಅಷ್ಟರಲ್ಲಿ ಸೌತಾಂಪ್ಟನ್ ಡಿಫೆಂಡರ್ ಡ್ಯಾನಿ ಹಿಗಿನ್‌ಬಾಥಮ್ ಚೆಂಡನ್ನು ಒಳಗೆ ತಳ್ಳಿದ. 2–2.

ಹೀಗಾಗಿ ಕೊನೇ ದಿನ, 2005ರ ಮೇ 15ರ ಭಾನುವಾರ ಮಧ್ಯಾಹ್ನ ಟೇಬಲ್ಲಿನ ತಳ ಹೀಗಿತ್ತು: ನಾರಿಚ್ 33, ಸೌತಾಂಪ್ಟನ್ 32, ಪ್ಯಾಲೆಸ್ 32, ವೆಸ್ಟ್ ಬ್ರಾಮ್ 31. ಮೂರು ತಂಡ ಹೋಗಬೇಕು, ಒಂದು ಉಳಿಯಬೇಕು. ಕೊನೇ ದಿನದವರೆಗೂ ಯಾರೊಬ್ಬರೂ ಕೆಳಗೆ ಬಿದ್ದಿರಲಿಲ್ಲ. ಪ್ರೀಮಿಯರ್ ಲೀಗಿನಲ್ಲಿ ಹಾಗಾಗಿದ್ದು ಅದೇ ಮೊದಲು. ಎಲ್ಲ ಮ್ಯಾಚೂ ಒಂದೇ ಹೊತ್ತಿಗೆ ಶುರು ಮಾಡುತ್ತಾರೆ, ಯಾರೂ ಇನ್ನೊಬ್ಬರ ಫಲಿತಾಂಶ ನೋಡಿಕೊಂಡು ಆಡಬಾರದು ಅಂತ. ಆದರೆ ಸ್ಟ್ಯಾಂಡಿನಲ್ಲಿ ಕೂತವರ ಕಿವಿಗೆ ರೇಡಿಯೊ ಇದ್ದೇ ಇತ್ತಲ್ಲ.

ನಾರಿಚ್‌ಗೆ ಕೆಲಸ ಸುಲಭ. ಗೆದ್ದರೆ ಸಾಕು, ಬೇರೆ ಯಾರನ್ನೂ ನೋಡಬೇಕಿಲ್ಲ. ಒಂದೇ ತೊಂದರೆ, ಆಡಬೇಕಿದ್ದುದು ಫುಲಂ ಊರಲ್ಲಿ. ಇಡೀ ಸೀಸನ್‌ನಲ್ಲಿ ನಾರಿಚ್ ಪರ ಊರಲ್ಲಿ ಒಂದು ಮ್ಯಾಚೂ ಗೆದ್ದಿರಲಿಲ್ಲ. ವೆಸ್ಟ್ ಬ್ರಾಮ್ ಪಾಡು ಇದಕ್ಕೆ ತದ್ವಿರುದ್ಧ. ತಾನು ಗೆಲ್ಲಬೇಕು, ಜೊತೆಗೆ ಉಳಿದ ಮೂರೂ ಗೆಲ್ಲಬಾರದು.

ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ ಫುಲಂ ಗೋಲು ಹೊಡೆಯಿತು. ಅದೇ ಹೊತ್ತಿಗೆ ಸೌತಾಂಪ್ಟನ್‌ಗೆ ಅದೃಷ್ಟ ಖುಲಾಯಿಸಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಜಾನ್ ಒ'ಶೇ ತನ್ನದೇ ಗೋಲಿಗೆ ಚೆಂಡು ಸೇರಿಸಿಬಿಟ್ಟ. ಈಗ ಉಳಿಯುವವರು ಸೌತಾಂಪ್ಟನ್. ಡ್ಯಾರೆನ್ ಫ್ಲೆಚರ್ ಸಮ ಮಾಡಿದ ಮೇಲೂ ಗೋಲು ವ್ಯತ್ಯಾಸದ ಮೇಲೆ ಅವರೇ ಉಳಿಯುತ್ತಿದ್ದರು. ಅರ್ಧ ಸಮಯಕ್ಕೆ ನಾರಿಚ್ 2–0 ಹಿಂದೆ. ಪ್ಯಾಲೆಸ್ ಚಾರ್ಲ್‌ಟನ್ ಎದುರು 1–0 ಹಿಂದೆ. ವೆಸ್ಟ್ ಬ್ರಾಮ್ ಪೋರ್ಟ್ಸ್‌ಮತ್ ಎದುರು 0–0.

ಎರಡನೇ ಅರ್ಧದಲ್ಲಿ ವೆಸ್ಟ್ ಬ್ರಾಮ್ ಜೆಫ್ ಹಾರ್ಸ್‌ಫೀಲ್ಡ್‌ನನ್ನು ಬದಲಿಯಾಗಿ ಇಳಿಸಿತು. ಇಳಿದವನು ನಿಂತು ಉಸಿರು ಬಿಡುವಷ್ಟರಲ್ಲಿ ಗೋಲು ಹೊಡೆದ. ಈಗ ಉಳಿಯುವವರು ವೆಸ್ಟ್ ಬ್ರಾಮ್. ಸ್ವಲ್ಪ ಹೊತ್ತಿಗೆ ರೂಡ್ ವಾನ್ ನಿಸ್ಟಲ್‌ರಾಯ್ ಗೋಲು ಹೊಡೆದು ಸೌತಾಂಪ್ಟನ್ 2–1 ಹಿಂದೆ ಬಿತ್ತು. ಅಷ್ಟರಲ್ಲಿ ಪ್ಯಾಲೆಸ್‌ನ ಡೂಗಿ ಫ್ರೀಡ್‌ಮನ್ ಚಾರ್ಲ್‌ಟನ್ ಎದುರು ಸಮ ಮಾಡಿಯಾಗಿತ್ತು. ಆಮೇಲೆ ಪ್ಯಾಲೆಸ್‌ಗೆ ಪೆನಾಲ್ಟಿ ಸಿಕ್ಕಿತು. ಆಂಡಿ ಜಾನ್ಸನ್ ಹೊಡೆದ, 2–1. ಅದು ಆ ಸೀಸನ್ನಿನಲ್ಲಿ ಅವನ 21ನೇ ಗೋಲು. ಲೀಗಿನಲ್ಲಿ ಅವನಿಗಿಂತ ಜಾಸ್ತಿ ಹೊಡೆದಿದ್ದು ಆರ್ಸೆನಲ್‌ನ ತಿಯರಿ ಆನ್ರಿ ಒಬ್ಬನೇ. ಈಗ ಉಳಿಯುವವರು ಪ್ಯಾಲೆಸ್! ವೆಸ್ಟ್ ಬ್ರಾಮ್ ಕಡೆ ಎರವಲು ಹುಡುಗ ರಿಚರ್ಡ್‌ಸನ್ ಎರಡನೇ ಗೋಲು ಹೊಡೆದರೂ ಲೆಕ್ಕ ಬದಲಾಗಲಿಲ್ಲ. ಪ್ಯಾಲೆಸ್‌ಗೆ 35, ಇವರಿಗೆ 34. ಹತ್ತು ನಿಮಿಷದಷ್ಟು ಹೊತ್ತು ಹೀಗೇ ಇತ್ತು.

82ನೇ ನಿಮಿಷ. ಚಾರ್ಲ್‌ಟನ್‌ಗೆ ಫ್ರೀ ಕಿಕ್. ಚೆಂಡು ಗೋಲಿನ ಮುಂದೆ ಬಂತು. ಡಿಫೆಂಡರ್ ಜೊನಾಥನ್ ಫಾರ್ಚೂನ್ ಎದ್ದು ಹೆಡರ್ ಮಾಡಿದ. 2–2.

ಚಾರ್ಲ್‌ಟನ್‌ಗೆ ಆ ಗೋಲಿನಿಂದ ಏನೂ ಆಗಬೇಕಿರಲಿಲ್ಲ. ಅವರು ಮಧ್ಯದಲ್ಲಿ ಆರಾಮಾಗಿದ್ದರು. ಆದರೆ ಚಾರ್ಲ್‌ಟನ್, ಪ್ಯಾಲೆಸ್ ಎರಡೂ ದಕ್ಷಿಣ ಲಂಡನ್ ತಂಡಗಳು. ಒಂದು ಕಾಲದಲ್ಲಿ ಚಾರ್ಲ್‌ಟನ್ ಸ್ವಂತ ಮೈದಾನವಿಲ್ಲದೆ ಪ್ಯಾಲೆಸ್ ಮೈದಾನದಲ್ಲಿ ಬಾಡಿಗೆಗೆ ಇತ್ತು. ಪಕ್ಕದ ಮನೆಯವರು ಬಿದ್ದಾಗ ಆಗುವ ಖುಷಿ ಅವತ್ತು ಚಾರ್ಲ್‌ಟನ್ ಸ್ಟ್ಯಾಂಡುಗಳಲ್ಲಿ ಧಾರಾಳವಾಗಿತ್ತು.

ಇದಕ್ಕಿಂತ ಮಜಾ ವೆಸ್ಟ್ ಬ್ರಾಮ್ ಮೈದಾನದಲ್ಲಿ. ಅಲ್ಲಿಗೆ ಬಂದಿದ್ದ ಪೋರ್ಟ್ಸ್‌ಮತ್ ಅಭಿಮಾನಿಗಳು ತಮ್ಮದೇ ತಂಡ ಗೋಲು ಹೊಡೆಸಿಕೊಂಡಾಗ ಕುಣಿದರು. ಯಾಕೆ ಗೊತ್ತಾ? ಪೋರ್ಟ್ಸ್‌ಮತ್ ಮತ್ತು ಸೌತಾಂಪ್ಟನ್ ಹತ್ತಿರದ ಬಂದರು ಊರುಗಳು, ಹಾವು ಮುಂಗುಸಿ. ಪೋರ್ಟ್ಸ್‌ಮತ್ ಮ್ಯಾನೇಜರ್ ಆಗಿದ್ದ ಹ್ಯಾರಿ ರೆಡ್‌ನ್ಯಾಪ್ ನವೆಂಬರಿನಲ್ಲಿ ಕೆಲಸ ಬಿಟ್ಟು ಡಿಸೆಂಬರಿನಲ್ಲಿ ಸೌತಾಂಪ್ಟನ್ ಸೇರಿದ್ದರು. ಆ ಸೀಸನ್ನಿಗೆ ಸೌತಾಂಪ್ಟನ್ ಕಂಡ ಮೂರನೇ ಮ್ಯಾನೇಜರ್ ಅವರು. ಪೋರ್ಟ್ಸ್‌ಮತ್ ಜನ ಅದನ್ನು ಮರೆಯುವವರಲ್ಲ. ಏಪ್ರಿಲ್‌ನಲ್ಲಿ ತಮ್ಮೂರಿಗೆ ಬಂದ ಸೌತಾಂಪ್ಟನ್‌ಗೆ 4–1 ಬಾರಿಸಿದ್ದರು. ಈಗ ವೆಸ್ಟ್ ಬ್ರಾಮ್ ಗೆದ್ದರೆ ರೆಡ್‌ನ್ಯಾಪ್ ತಂಡ ಕೆಳಗೆ ಹೋಗುತ್ತದೆ. ಹಾಗಾಗಿ ನಮ್ಮ ತಂಡ ಸೋತರೆ ಸೋಲಲಿ ಅಂತ ಹಾಡು ಹಾಡಿಕೊಂಡು ಕೂತಿದ್ದರು. ರೆಲಿಗೇಷನ್ ಇಲ್ಲದ ಲೀಗಿನಲ್ಲಿ ಇಂಥ ದೃಶ್ಯ ಸಿಗುವುದಿಲ್ಲ.

ವೆಸ್ಟ್ ಬ್ರಾಮ್ ಮ್ಯಾಚ್ ಮುಗಿದ ಮೇಲೂ ಚಾರ್ಲ್‌ಟನ್‌ನಲ್ಲಿ ಆಟ ನಡೀತಿತ್ತು. ಇಲ್ಲಿ ಆಟಗಾರರು, ಜನ ಎಲ್ಲ ಸುದ್ದಿಗೆ ಕಾದು ನಿಂತರು. ಅಲ್ಲಿ ಸೀಟಿ ಊದಿದ್ದು ಗೊತ್ತಾದ ಕೂಡಲೇ ಮೈದಾನದ ತುಂಬ ಜನ. ಸೌತಾಂಪ್ಟನ್ 2–1 ಸೋತಿತ್ತು. ನಾರಿಚ್? ಫುಲಂ 6, ನಾರಿಚ್ 0. ಪರ ಊರಲ್ಲಿ ಒಂದೂ ಗೆಲುವಿಲ್ಲದೆ ಅವರ ಸೀಸನ್ ಮುಗಿಯಿತು.

ಈಗ ಕೊನೇ ಟೇಬಲ್ ನೋಡಿ. ವೆಸ್ಟ್ ಬ್ರಾಮ್ 34, ಪ್ಯಾಲೆಸ್ 33, ನಾರಿಚ್ 33, ಸೌತಾಂಪ್ಟನ್ 32. ಉಳಿದುಕೊಂಡ ವೆಸ್ಟ್ ಬ್ರಾಮ್ ಇಡೀ ವರ್ಷ ಗೆದ್ದಿದ್ದು 6 ಮ್ಯಾಚ್. ಕೆಳಗೆ ಬಿದ್ದ ಪ್ಯಾಲೆಸ್ ಗೆದ್ದಿದ್ದು 7. ನಾರಿಚ್ ಕೂಡ 7. ಜಾಸ್ತಿ ಗೆದ್ದವರು ಹೋದರು, ಕಮ್ಮಿ ಗೆದ್ದವರು ಉಳಿದರು. ವ್ಯತ್ಯಾಸ ಎಲ್ಲಿದೆ? ವೆಸ್ಟ್ ಬ್ರಾಮ್ 16 ಡ್ರಾ ಮಾಡಿತ್ತು. ಪ್ಯಾಲೆಸ್, ನಾರಿಚ್ ತಲಾ 12.

ಇನ್ನೂ ಹತ್ತಿರದಿಂದ ನೋಡೋಣ. ಆಸ್ಟನ್ ವಿಲ್ಲಾದಲ್ಲಿ ರಾಬಿನ್ಸನ್ ಕೊನೇ ಗಳಿಗೆ ಹೆಡರ್ ಮಾಡದೇ ಇದ್ದಿದ್ದರೆ ವೆಸ್ಟ್ ಬ್ರಾಮ್‌ಗೂ 33. ಆಗ ಮೂರು ತಂಡ ಸಮ, ಗೋಲು ವ್ಯತ್ಯಾಸದಲ್ಲಿ ಪ್ಯಾಲೆಸ್ ಮುಂದೆ, ಪ್ಯಾಲೆಸ್ ಉಳಿಯುತ್ತಿತ್ತು. ಹಿಗಿನ್‌ಬಾಥಮ್ ಗೋಲು ತಪ್ಪಿದ್ದರೆ ಪ್ಯಾಲೆಸ್‌ಗೆ 35, ಅದೇ ಉಳಿಯುತ್ತಿತ್ತು. ಫಾರ್ಚೂನ್ ಹೆಡರ್ ಹೊರಗೆ ಹೋಗಿದ್ದರೂ ಅಷ್ಟೇ. ಎಂಟು ದಿನದ ಅಂತರದಲ್ಲಿ ಎರಡು ಸಲ ಗೆಲುವು ಪ್ಯಾಲೆಸ್ ಕೈಯಿಂದ ಜಾರಿತು. ಎರಡರಲ್ಲಿ ಒಂದು ಉಳಿದಿದ್ದರೂ ಸಾಕಿತ್ತು.

ನಾರಿಚ್‌ದೂ ಒಂದಿದೆ. ಫೆಬ್ರವರಿ 28ರಂದು ತಮ್ಮೂರಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 2–0 ಮುಂದಿದ್ದು, ಅರ್ಧ ಸಮಯಕ್ಕೆ 2–2 ಮಾಡಿಕೊಂಡಿದ್ದರು. ಆ ಕ್ಲಬ್ಬಿನ ಒಡೆಯರಲ್ಲಿ ಒಬ್ಬರು ಟಿವಿಯ ಅಡುಗೆ ಕಾರ್ಯಕ್ರಮಗಳಿಂದ ಹೆಸರಾದ ಡೆಲಿಯಾ ಸ್ಮಿತ್. ಅವರು ವಿರಾಮದಲ್ಲಿ ಮೈಕ್ ಹಿಡಿದು ಮೈದಾನಕ್ಕೇ ಬಂದು, ಎಲ್ಲಿದ್ದೀರಿ, ಕೂಗಿ, ಬೆಂಬಲ ಕೊಡಿ ಅಂತ ಅಭಿಮಾನಿಗಳನ್ನು ಗದರಿಸಿದರು. ಇಂಗ್ಲೆಂಡ್ ತುಂಬ ಅದು ಜೋಕ್ ಆಯಿತು. ನನಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಂಡಿಲ್ಲ. ಕೆಳಗೆ ಬೀಳುವ ಭಯ ಮಾಲೀಕರನ್ನೂ ಹಾಗೆ ಮಾಡಿಸುತ್ತದೆ. ಆ ಮ್ಯಾಚನ್ನು ರಾಬಿ ಫೌಲರ್ ಕೊನೇ ಗಳಿಗೆಯಲ್ಲಿ ಗೋಲು ಹೊಡೆದು ಸಿಟಿಗೆ ಗೆಲ್ಲಿಸಿಕೊಟ್ಟ. ಆ ಗೋಲು ಮತ್ತು ಮೊದಲು ಹೇಳಿದೆನಲ್ಲ, ಕಮಾರಾ ಗೋಲು, ಎರಡೂ ತಪ್ಪಿದ್ದರೆ ನಾರಿಚ್‌ಗೆ ಇನ್ನೆರಡು ಡ್ರಾ, ಒಟ್ಟು 35 ಪಾಯಿಂಟ್. ಕೊನೇ ದಿನ 6 ಗೋಲು ತಿಂದ ಮೇಲೂ ಉಳಿಯುತ್ತಿದ್ದರು! ಕೊನೇ ಭಾನುವಾರ ನೋಡಿ ಅಯ್ಯೋ ಅನ್ನುತ್ತೇವೆ. ಆದರೆ ಲೆಕ್ಕ ಫೆಬ್ರವರಿಯಲ್ಲೇ ಬರೆಯಲು ಶುರುವಾಗಿರುತ್ತದೆ.

40 ಪಾಯಿಂಟಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. 2005ರಲ್ಲಿ 34 ಸಾಕಾಯಿತು. ಅದಕ್ಕೆ ಎರಡೇ ವರ್ಷ ಮೊದಲು, 2003ರಲ್ಲಿ, ವೆಸ್ಟ್ ಹ್ಯಾಮ್ 42 ಪಾಯಿಂಟ್ ತೆಗೆದುಕೊಂಡೂ ಕೆಳಗೆ ಹೋಯಿತು. ಜೋ ಕೋಲ್, ಮೈಕಲ್ ಕ್ಯಾರಿಕ್, ಜರ್ಮೈನ್ ಡಿಫೊ ಎಲ್ಲ ಇದ್ದ ತಂಡ ಅದು. 1997ರಲ್ಲಿ ಸಂಡರ್‌ಲ್ಯಾಂಡ್, 1998ರಲ್ಲಿ ಬೋಲ್ಟನ್, ಎರಡೂ ಸರಿಯಾಗಿ 40 ತೆಗೆದುಕೊಂಡು ಮುಳುಗಿದವು. ಇನ್ನೊಂದು ಕಡೆ 2023–24ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹಣಕಾಸು ನಿಯಮ ಮುರಿದಿದ್ದಕ್ಕೆ 4 ಪಾಯಿಂಟ್ ದಂಡ ಕಟ್ಟಿ, 32 ಪಾಯಿಂಟಿನಲ್ಲಿ ಉಳಿದುಕೊಂಡಿತು. ಹಾಗಾಗಿ 40 ಅನ್ನುವುದು ನಿಯಮ ಅಲ್ಲ, ಮ್ಯಾನೇಜರುಗಳು ಆಗಸ್ಟಿನಲ್ಲಿ ಆಟಗಾರರಿಗೆ ಕೊಡುವ ಗುರಿ ಅಷ್ಟೇ. ಈಚೆಗೆ ಅದಕ್ಕಿಂತ ಕಮ್ಮಿಯಲ್ಲೇ ಆಗುವುದು ಜಾಸ್ತಿ. ನಿಮಗೆ ಬೇಕಿದ್ದರೆ ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳಿ: ಮ್ಯಾಚಿಗೆ ಒಂದು ಪಾಯಿಂಟ್ ಸರಾಸರಿ ಇದ್ದರೆ, ಅಂದರೆ 38ಕ್ಕೆ 38 ಆದರೆ, ಸಾಮಾನ್ಯವಾಗಿ ನಿದ್ದೆ ಬರುತ್ತದೆ.

ಜನ ಅಳುವುದು ಯಾಕೆ ಅಂದಿರಿ. ಮೊದಲನೆಯದು ದುಡ್ಡು. ಪ್ರೀಮಿಯರ್ ಲೀಗಿನ ಟಿವಿ ಹಣ ಕೆಳಗಿನ ಡಿವಿಷನ್ನಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೆಳಗೆ ಬಿದ್ದವರಿಗೆ ಕೆಲವು ವರ್ಷ ಒಂದು ಪಾಲು ಕೊಡುತ್ತಾರೆ, ಅದಕ್ಕೆ ಪ್ಯಾರಾಚೂಟ್ ಹಣ ಅಂತಲೇ ಹೆಸರು. ಆದರೂ ಆಟಗಾರರು ಹೋಗುತ್ತಾರೆ, ಕಚೇರಿಯಲ್ಲಿ ಟಿಕೆಟ್ ಕೊಡುವವರ ಕೆಲಸಕ್ಕೂ ಕತ್ತರಿ ಬೀಳುತ್ತದೆ. ಸೌತಾಂಪ್ಟನ್‌ಗೆ ಆದದ್ದು ಹಾಗೇ. ಕ್ರೌಚ್ ಆ ಬೇಸಿಗೆಯಲ್ಲೇ ಲಿವರ್‌ಪೂಲ್‌ಗೆ ಹೋದ. ಥಿಯೊ ವಾಲ್ಕಾಟ್, ಗ್ಯಾರೆತ್ ಬೇಲ್ ಇಬ್ಬರೂ ಹುಡುಗರಾಗಿ ಸೌತಾಂಪ್ಟನ್‌ಗೆ ಮೊದಲು ಆಡಿದ್ದು ಆ ಎರಡನೇ ಡಿವಿಷನ್ನಿನಲ್ಲಿ. ಇಬ್ಬರನ್ನೂ ಬೇಗ ಮಾರಿಕೊಂಡರು. 2009ರಲ್ಲಿ ಕ್ಲಬ್ ದಿವಾಳಿ ಅಂಚಿಗೆ ಬಂದು ಮೂರನೇ ಡಿವಿಷನ್ನಿಗೆ ಬಿತ್ತು. ಅದೇ ವರ್ಷ ನಾರಿಚ್ ಕೂಡ ಅಲ್ಲಿಗೇ ಬಿತ್ತು, ಅಲ್ಲಿ ಆಡಿದ ಮೊದಲ ಮ್ಯಾಚಿನಲ್ಲೇ ತಮ್ಮೂರಲ್ಲಿ ಕೋಲ್‌ಚೆಸ್ಟರ್ ಕೈಲಿ 7–1 ಸೋತಿತು. ಪ್ಯಾಲೆಸ್ 2010ರಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು.

ಆದರೆ ಇದೇ ಮೆಟ್ಟಿಲಲ್ಲಿ ಹತ್ತಲೂ ಬಹುದಲ್ಲ. 7–1 ಸೋತ ನಾರಿಚ್ ಎರಡು ವರ್ಷ ಸತತ ಬಡ್ತಿ ಪಡೆದು 2011ರಲ್ಲಿ ವಾಪಸ್ ಪ್ರೀಮಿಯರ್ ಲೀಗಿಗೆ ಬಂತು. ಸೌತಾಂಪ್ಟನ್ 2012ರಲ್ಲಿ ಬಂತು. 2013ರಲ್ಲಿ ಬಂದ ಪ್ಯಾಲೆಸ್ 2025ರಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0 ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಅದು ಅವರ ಮೊದಲ ದೊಡ್ಡ ಕಪ್. ಅಷ್ಟೆಲ್ಲ ಪವಾಡ ಮಾಡಿ ಉಳಿದ ವೆಸ್ಟ್ ಬ್ರಾಮ್ ಏನಾಯಿತು ಅಂತ ಕೇಳಬೇಡಿ. ಮುಂದಿನ ವರ್ಷವೇ ಕೆಳಗೆ ಹೋಯಿತು. ಇನ್ನು 2005ರಲ್ಲಿ ಇವರ ಜಾಗಕ್ಕೆ ಹತ್ತಿ ಬಂದ ಮೂವರಲ್ಲಿ ಒಬ್ಬರು ವಿಗನ್. ಇತಿಹಾಸದಲ್ಲಿ ಮೊದಲ ಸಲ ಮೇಲಿನ ಡಿವಿಷನ್ ಕಂಡವರು ಬಂದ ವರ್ಷವೇ 10ನೇ ಸ್ಥಾನ ಪಡೆದರು.

ದುಡ್ಡು ಬಿಟ್ಟು ಇನ್ನೊಂದು ಕಾರಣ ಇದೆ. ಅಲ್ಲಿ ಜನ ಅಪ್ಪನಿಂದ ಬಂದ ತಂಡವನ್ನು ಬೆಂಬಲಿಸುತ್ತಾರೆ. ತಂಡ ಕೆಳಗೆ ಹೋದರೆ ಊರೇ ಕೆಳಗೆ ಹೋದ ಹಾಗೆ. ಮುಂದಿನ ವರ್ಷ ಆರ್ಸೆನಲ್, ಲಿವರ್‌ಪೂಲ್ ನಮ್ಮೂರಿಗೆ ಬರುವುದಿಲ್ಲ. 27 ವರ್ಷ ಬಂದಿದ್ದವರು ಬರುವುದಿಲ್ಲ ಅಂದಾಗ ಸೌತಾಂಪ್ಟನ್ನಿನ ಗಂಡಸರು ಅಳದೆ ಇನ್ನೇನು ಮಾಡುತ್ತಾರೆ?

ಇನ್ನು ನಮ್ಮ ಐಎಸ್‌ಎಲ್. 2014ರಲ್ಲಿ ಶುರುವಾದಾಗ ಅದು ಐಪಿಎಲ್ ಮಾದರಿ. ಮಾಲೀಕರು ಫ್ರಾಂಚೈಸಿಗೆ ವರ್ಷವರ್ಷ ದೊಡ್ಡ ಶುಲ್ಕ ಕಟ್ಟಿ ಬಂದವರು. ಅಷ್ಟು ಕಟ್ಟಿದವನಿಗೆ, ಕೊನೇ ಸ್ಥಾನ ಬಂದರೆ ಹೊರಗೆ ಹೋಗು ಅಂದರೆ ಅವನು ಮೊದಲೇ ಬರುತ್ತಿರಲಿಲ್ಲ. 2019ರಲ್ಲಿ ಒಂದು ದಾರಿ ಹಾಕಿಕೊಂಡರು: 2022–23ರಿಂದ ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಐ-ಲೀಗ್ ಗೆದ್ದವರಿಗೆ ಬಡ್ತಿ, 2024–25ಕ್ಕೆ ಪೂರ್ತಿ ಏರಿಳಿತ. ಮೊದಲ ಅರ್ಧ ಆಯಿತು. ಪಂಜಾಬ್, ಆಮೇಲೆ ಮೊಹಮ್ಮಡನ್ ಮೇಲೆ ಬಂದವು. ಎರಡನೇ ಅರ್ಧ ಆಗಲಿಲ್ಲ. 2024–25ರಲ್ಲಿ ಮೊಹಮ್ಮಡನ್ ಕಟ್ಟಕಡೆಗೆ ಬಂತು, ಕೆಳಗೆ ಹೋಗಲಿಲ್ಲ. ನನ್ನ ಮಟ್ಟಿಗೆ ಇದು ಅರ್ಧ ಬಾಗಿಲು ತೆಗೆದಿಟ್ಟ ಹಾಗೆ. ಕೆಳಗಿನ ಡಿವಿಷನ್ನಿನಲ್ಲೂ ದುಡ್ಡು, ಟಿವಿ, ಪ್ರೇಕ್ಷಕರು ಇದ್ದರೆ ಮಾತ್ರ ಬೀಳುವವನಿಗೆ ಎದ್ದು ಬರುವ ಅವಕಾಶ ಇರುತ್ತದೆ. ಅದನ್ನು ಕಟ್ಟದೆ ಬರೀ ರೆಲಿಗೇಷನ್ ತಂದರೆ ಬಿದ್ದ ಕ್ಲಬ್ ಮುಚ್ಚಿಹೋಗುತ್ತದೆ.

ಅದಕ್ಕೆ ನಮ್ಮೂರ ಉದಾಹರಣೆಯೇ ಇದೆ. ಐ-ಲೀಗ್ ದೇಶದ ಮೇಲಿನ ಲೀಗ್ ಆಗಿದ್ದಾಗ ಬೆಂಗಳೂರಿನ ಎಚ್‌ಎಎಲ್ ತಂಡ ಅದರಲ್ಲಿ ಆಡುತ್ತಿತ್ತು. ಕಾರ್ಖಾನೆ ತಂಡ, ಕಮ್ಮಿ ಖರ್ಚು. 2011–12ರಲ್ಲಿ ಕೆಳಗೆ ಬಿತ್ತು, ಮತ್ತೆ ಮೇಲೆ ಬರಲೇ ಇಲ್ಲ. 2013ರಲ್ಲಿ ಬಂದ ಬೆಂಗಳೂರು ಎಫ್‌ಸಿ ಕೆಳಗಿನಿಂದ ಹತ್ತಿ ಬಂದಿದ್ದಲ್ಲ, ನೇರ ಪ್ರವೇಶ ಪಡೆದು ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಏಣಿ ಹತ್ತಿ ಇಳಿದಿದ್ದು ಎಸ್‌ಸಿ ಬೆಂಗಳೂರು. 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಬಂತು, ಮರುವರ್ಷವೇ ಐ-ಲೀಗಿನಿಂದ ವಾಪಸ್ ಕೆಳಗೆ ಹೋಯಿತು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗೆ ಕೂಗುವ ಎಷ್ಟು ಜನಕ್ಕೆ ಆ ಸುದ್ದಿ ಗೊತ್ತಾಯಿತೋ!

ಮಗಳನ್ನು ಒಮ್ಮೆ ಬೆಂಗಳೂರು ಜಿಲ್ಲಾ ಲೀಗಿನ ಮ್ಯಾಚಿಗೆ ಕರೆದುಕೊಂಡು ಹೋಗಿ. ಸೂಪರ್ ಡಿವಿಷನ್, ಎ ಡಿವಿಷನ್ ಅಂತ ಅಲ್ಲಿಯೂ ಏರಿಳಿತ ಇದೆ. ಸೀಸನ್ ಕೊನೆಗೆ, ತಳದ ಎರಡು ತಂಡಗಳು ಆಡುವ ದಿನ ನೋಡಿಕೊಂಡು ಹೋಗಿ. ಯಾವ ತಂಡ ಡ್ರಾ ಆದರೂ ಸಾಕು ಅಂತ ಆಡುತ್ತಿದೆ ಅನ್ನುವುದನ್ನು ಅವಳೇ ಹತ್ತು ನಿಮಿಷದಲ್ಲಿ ಹೇಳುತ್ತಾಳೆ.